ಕಿವಿ ಮುರಿದ ಕ್ಯಾಸೆಟ್ಟು

ಅಪ್ಪಯ್ಯನ ಕಸುಬೇ ಕೂಗುವುದು. ಸಾಗರದ ಬಸ್ ನಿಲ್ದಾಣದಲ್ಲಿ ಅವರು ಖಾಸಗಿ ಬಸ್ಸುಗಳ ಏಜೆಂಟರಾಗಿದ್ದರು. ಬಸ್ಸಿನ ಬಾಗಿಲಿಗೆ ಒಂದು ಕೈ ಕೊಟ್ಟು ನಿಂತು ‘ಆನಂದಪುರ, ರಿಪ್ಪನ್‌ಪೇಟೆ, ಹುಂಚ, ಕೋಣಂದೂರು, ತೀರ್ಥಹಳ್ಳೀ’ ಎಂದು ಕೊನೆಯದನ್ನು ಎಳೆದು ಕೂಗಿದರೆ, ನಿಲ್ದಾಣದ ಹಿಂದಿನ ಓಣಿಯಲ್ಲಿದ್ದ ನಮ್ಮ ಬಾಡಿಗೆ ಮನೆಯ ಅಡುಗೆಮನೆವರೆಗೂ ಅದು ಬರುತ್ತಿತ್ತು. ಆ ಕೂಗು ಕೇಳಿಯೇ ಅಮ್ಮ ಅನ್ನಕ್ಕಿಡುತ್ತಿದ್ದಳು. ಗೋಡೆ ಗಡಿಯಾರ ನಿಂತು ಎಷ್ಟೋ ಕಾಲವಾಗಿತ್ತು. ಅದನ್ನು ರಿಪೇರಿ ಮಾಡಿಸಬೇಕೆಂದು ನಮಗೆ ಯಾರಿಗೂ ಅನ್ನಿಸಿರಲಿಲ್ಲ.

ಮನೆಯೊಳಗೆ ಮಾತ್ರ ಅವರ ಕೂಗು ಒಂದೇ. ‘ಕೇಳ್ತಾ?’ ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ಪದ್ಧತಿ ಆಗ ನಮ್ಮಲ್ಲಿ ಇರಲಿಲ್ಲ; ಗಂಡನ ಹೆಸರಿನ ಮಾತಂತೂ ಎತ್ತಲೇಬೇಡಿ. ಚಪ್ಪಲಿ ಬಿಡುತ್ತಲೇ ಅಪ್ಪಯ್ಯ ‘ಕೇಳ್ತಾ?’ ಅನ್ನಬೇಕು, ಒಳಗಿನಿಂದ ಅಮ್ಮ ‘ಕೇಳ್ತು’ ಅನ್ನಬೇಕು. ಎಷ್ಟೋ ಸಲ ಅದರ ಮುಂದೆ ಮಾತೇ ಇರುತ್ತಿರಲಿಲ್ಲ. ಕೇಳಿಸಿತೆಂದರೆ ಆಯಿತು, ಹೇಳುವುದು ಏನೂ ಇಲ್ಲ. ‘ಇದೆಂತ ಸಂಸಾರ, ಟೆಲಿಫೋನ್ ಟೆಸ್ಟಿಂಗ್ ಮಾಡ್ದಂಗೆ’ ಎಂದು ನಾನು ರೇಗಿಸಿದರೆ ಅಮ್ಮ ನಗುತ್ತಿದ್ದಳು. ನನಗೆ ಬಾಯಿ ಸ್ವಲ್ಪ ಜಾಸ್ತಿ ಎಂಬ ದೂರು ಮನೆಯಲ್ಲಿ ಮೊದಲಿನಿಂದ ಇತ್ತು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಅಮ್ಮನ ತಮ್ಮ, ಹಡಗಿನಲ್ಲಿ ರೇಡಿಯೋ ಕೆಲಸದಲ್ಲಿದ್ದ ನನ್ನ ಸೋದರಮಾವ, ರಜೆಗೆ ಬಂದವನು ಒಂದು ಟೇಪ್ ರೆಕಾರ್ಡರ್ ತಂದುಕೊಟ್ಟ. ಜೊತೆಗೆ ಬಂದ ಖಾಲಿ ಕ್ಯಾಸೆಟ್ಟಿಗೆ ಏನು ತುಂಬುವುದೆಂದು ಯಾರಿಗೂ ಹೊಳೆಯಲಿಲ್ಲ. ಮಾವ ಕೆಂಪು ಗುಂಡಿ ಒತ್ತಿ ಅಪ್ಪಯ್ಯನ ಕಡೆ ಕೈಮಾಡಿದ. ಊರಿಗೇ ಕೇಳುವಂತೆ ಕೂಗುವ ಮನುಷ್ಯ ಆ ಪುಟ್ಟ ಪೆಟ್ಟಿಗೆಯ ಮುಂದೆ ಬೆವೆತುಹೋದರು. ‘ಬತ್ತಾ ಇದ್ದಾ? ಕೇಳ್ತಾ?’ ಎಂದು ಮೆಲ್ಲಗೆ ಕೇಳಿದರು. ಒಳಗಿದ್ದ ಅಮ್ಮ ತನ್ನನ್ನೇ ಕರೆದರೆಂದುಕೊಂಡು ‘ಕೇಳ್ತು’ ಅಂದಳು. ನಾವೆಲ್ಲ ನಕ್ಕೆವು. ನಕ್ಕದ್ದೂ ಟೇಪಿಗೆ ಹೋಯಿತು. ಆಮೇಲೆ ಅಪ್ಪಯ್ಯನಿಗೆ ಧೈರ್ಯ ಬಂದು ತೀರ್ಥಹಳ್ಳಿ ಬಸ್ಸು, ಹೊಸನಗರದ ಬಸ್ಸು, ಬಾಗಿಲಲ್ಲಿ ಜೋತುಬಿದ್ದವರಿಗೆ ಬೈಗುಳ, ಎಲ್ಲವನ್ನೂ ನಿಲ್ದಾಣದ ಗತ್ತಿನಲ್ಲೇ ಕೂಗಿದರು. ಅಲ್ಲಿಂದ ಮುಂದೆ ಆ ಮಗ್ಗುಲೂ ಹಿಂದಿನ ಮಗ್ಗುಲೂ ಪೂರ್ತಿ ಅಮ್ಮನ ಮದುವೆಮನೆ ಹಾಡುಗಳು. ಹಾಡಲು ಒಲ್ಲೆ ಒಲ್ಲೆ ಎಂದವಳು ಶುರು ಮಾಡಿದ ಮೇಲೆ ನಿಲ್ಲಿಸಲೇ ಇಲ್ಲ.

ಎಂಬತ್ತರ ದಶಕದ ನಡುವೆ ಅಪ್ಪಯ್ಯನ ಧ್ವನಿ ಒಡೆಯತೊಡಗಿತು. ಕೂಗಿ ಕೂಗಿ ಗಂಟಲು ಕಟ್ಟಿದೆಯೆಂದು ಕಷಾಯ ಕುಡಿದರು, ಕಲ್ಲುಸಕ್ಕರೆ ಚೀಪಿದರು, ಎಲೆಯಡಿಕೆ, ಹೊಗೆಸೊಪ್ಪಿನ ಕವಳ ಮಾತ್ರ ಬಿಡಲಿಲ್ಲ. ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಯಲ್ಲಿ ಅದಕ್ಕೆ ಬೇರೆಯೇ ಹೆಸರು ಹೇಳಿದರು. ಧ್ವನಿಪೆಟ್ಟಿಗೆ ತೆಗೆಯಬೇಕು, ಕುತ್ತಿಗೆಯಲ್ಲಿ ಒಂದು ತೂತು ಮಾಡಿ ಅಲ್ಲಿಂದ ಉಸಿರಾಟ. ಜೀವ ಉಳಿದೀತು, ಮಾತು ಉಳಿಯುವುದಿಲ್ಲ ಎಂದರು.

ಆಪರೇಷನ್ನಿಗೆ ಹೊರಡುವ ಹಿಂದಿನ ದಿನ ಅಮ್ಮ ಆ ಕ್ಯಾಸೆಟ್ಟನ್ನು ನನ್ನ ಮುಂದೆ ಹಿಡಿದಳು. ‘ಕೂಸೇ, ಇದು ಅಳ್ಸಿ ಹೋಗ್ದಿದ್ದಂಗೆ ಎಂತಾರು ಮಾಡು.’ ಕ್ಯಾಸೆಟ್ಟಿನ ಹಿಂದಿನ ಅಂಚಿನಲ್ಲಿ ಮಗ್ಗುಲಿಗೊಂದರಂತೆ ಎರಡು ಪುಟ್ಟ ಪ್ಲಾಸ್ಟಿಕ್ ಚೂರು ಇರುತ್ತವೆ. ಅವನ್ನು ಮುರಿದುಬಿಟ್ಟರೆ ರೆಕಾರ್ಡರಿನ ಕೆಂಪು ಗುಂಡಿ ಕೆಳಗಿಳಿಯುವುದಿಲ್ಲ. ಇದ್ದದ್ದರ ಮೇಲೆ ಇನ್ನೊಂದನ್ನು ತುಂಬಲಾಗುವುದಿಲ್ಲ. ನಾವು ಅದಕ್ಕೆ ಕಿವಿ ಮುರಿಯುವುದು ಅನ್ನುತ್ತಿದ್ದೆವು. ನಾನು ಜಾಗ ತೋರಿಸಿದೆ. ಅಮ್ಮ ತಲೆಯಿಂದ ಹೇರ್‌ಪಿನ್ ತೆಗೆದು ಎರಡು ಕಿವಿಯನ್ನೂ ತಾನೇ ಮುರಿದಳು, ಮುರಿದ ಚೂರುಗಳನ್ನು ಎಸೆಯದೆ ಸೆರಗಿಗೆ ಗಂಟು ಹಾಕಿಕೊಂಡಳು.

ಅಪ್ಪಯ್ಯ ಜೀವಸಹಿತ ವಾಪಸ್ಸು ಬಂದರು. ಕುತ್ತಿಗೆಯ ತೂತಿನ ಮೇಲೆ ಬಿಳಿ ಬಟ್ಟೆ, ಅದರ ಸುತ್ತ ಬಿಳಿ ಪ್ಲಾಸ್ಟರು. ನಿಲ್ದಾಣದ ಕಡೆ ತಲೆ ಹಾಕಲಿಲ್ಲ. ಏನಾದರೂ ಬೇಕಾದರೆ ಸ್ಟೀಲಿನ ಲೋಟವನ್ನು ನೆಲಕ್ಕೆ ಕುಟ್ಟುತ್ತಿದ್ದರು. ಮೊದಮೊದಲು ಅಮ್ಮ ಓಡಿ ಓಡಿ ಬಂದಳು. ಒಂದು ದಿನ ಸೌಟನ್ನು ಅಲ್ಲೇ ಇಟ್ಟು ಬಾಗಿಲಲ್ಲಿ ನಿಂತು, ‘ಲೋಟ ಕುಟ್ಟಿ ಕರೆಯಕ್ಕೆ ನಾನೆಂತ ನಾಯಿಯಾ?’ ಅಂದಳು. ಅಪ್ಪಯ್ಯನ ಕಣ್ಣು ತುಂಬಿತು. ಲೋಟವನ್ನು ಮಂಚದ ಕೆಳಗೆ ತಳ್ಳಿದರು. ಆಮೇಲೆ ಅವರು ಕರೆಯುವುದನ್ನೇ ಬಿಟ್ಟರು. ಬಾಯಾರಿದರೆ ಬಾಯಾರಿಕೊಂಡು ಕೂತಿರುತ್ತಿದ್ದರು.

ಸ್ಲೇಟು ತಂದುಕೊಟ್ಟಿದ್ದೆ. ಅವರ ಅಕ್ಷರ ಮೊದಲೇ ಬಸ್ಸಿನಲ್ಲಿ ಕೂತು ಬರೆದ ಹಾಗೆ. ಅಮ್ಮನಿಗೆ ಕಣ್ಣು ಮಂಜು. ಓದಲು ಬಾರದೆ ಅವಳು ಸುಮ್ಮನೆ ತಲೆ ಆಡಿಸುವುದು, ತಲೆ ಆಡಿಸಿದ್ದು ಸುಳ್ಳು ಎಂದು ಇವರಿಗೆ ಗೊತ್ತಾಗುವುದು. ನಾನು ಹೊಸನಗರದ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರಗಿತ್ತಿ. ವಾರದ ಕೊನೆಗೆ ಬಂದು ಇದನ್ನು ನೋಡಿ, ಸೋಮವಾರದ ಮೊದಲ ಬಸ್ಸಿಗೆ ಹೊರಟುಬಿಡುತ್ತಿದ್ದೆ.

ಆಗ ನೆನಪಾದದ್ದು ಮಾವನ ಕಂಪ್ಯೂಟರು. ಹಡಗಿನ ಕೆಲಸ ಬಿಟ್ಟು ತೀರ್ಥಹಳ್ಳಿಯಲ್ಲಿ ಮನೆ ಮಾಡಿದ್ದ ಮಾವ ತನ್ನ ಮಕ್ಕಳಿಗೆಂದು ಯಾವುದೋ ಬಂದರಿನಲ್ಲಿ ಅದನ್ನು ಕೊಂಡಿದ್ದ. ಪುಸ್ತಕದಷ್ಟು ಅಗಲದ ಕಪ್ಪು ಪೆಟ್ಟಿಗೆ, ಅಳಿಸುವ ರಬ್ಬರಿನಂಥ ಗುಂಡಿಗಳು. ಟಿ.ವಿ.ಗೆ ಸಿಕ್ಕಿಸಿದರೆ ಅಕ್ಷರ ಮೂಡುತ್ತಿತ್ತು. ಮಕ್ಕಳಿಗೆ ಅದರ ಆಟ ಬೇಸರ ಬಂದಿತ್ತು. ನಾನು ದಸರಾ ರಜೆಯಲ್ಲಿ ಪೆಟ್ಟಿಗೆಯನ್ನೂ ಅದರ ಇಂಗ್ಲಿಷ್ ಪುಸ್ತಕವನ್ನೂ ಮಡಿಲಲ್ಲಿಟ್ಟುಕೊಂಡು ಸಾಗರದ ಬಸ್ಸು ಹತ್ತಿದೆ.

ಅದಕ್ಕೆ ಕನ್ನಡ ಬರುತ್ತಿರಲಿಲ್ಲ. ಆದರೆ ಕೆಲವು ಅಕ್ಷರಗಳನ್ನು ನಮಗೆ ಬೇಕಾದಂತೆ ಬದಲಾಯಿಸಿಕೊಳ್ಳಲು ಜಾಗ ಬಿಟ್ಟಿದ್ದರು. ಚೌಕಳಿ ಹಾಳೆಯಲ್ಲಿ ಮನೆ ತುಂಬಿ ಒಂದೊಂದೇ ಅಕ್ಷರ ಕೂರಿಸಬೇಕು. ಇಡೀ ವರ್ಣಮಾಲೆಗೆ ಜಾಗ ಇಲ್ಲ, ಹಾಗಾಗಿ ಅಪ್ಪಯ್ಯನಿಗೆ ಯಾವ ಮಾತು ಬೇಕೋ ಆ ಮಾತಿನ ಅಕ್ಷರ ಮಾತ್ರ. ಅಮ್ಮನ ಹೆಸರಿಗೆ ಒಂದು ಅಕ್ಷರವೂ ಖರ್ಚಾಗಲಿಲ್ಲ. ಒಂದು ಗುಂಡಿ ಒತ್ತಿದರೆ ಒಂದು ಪೂರ್ತಿ ವಾಕ್ಯ, ಅಮ್ಮನ ಮಂಜುಗಣ್ಣಿಗೂ ಕಾಣುವಷ್ಟು ದಪ್ಪಕ್ಕೆ. ನಾನು ಮೇಷ್ಟರಗಿತ್ತಿಯ ಬುದ್ಧಿಯಲ್ಲಿ ಮೊದಲು ‘ನನಗೆ ಚಹಾ ಬೇಕು’ ಎಂದು ಹಾಕಿದ್ದೆ. ಅಪ್ಪಯ್ಯ ಪರದೆಯನ್ನು ನೋಡಿ ಸ್ಲೇಟಿನಲ್ಲಿ ಬರೆದರು: ‘ಇದು ಯಾರ ಮಾತು?’ ಎಲ್ಲ ಅಳಿಸಿ ಮತ್ತೆ ಕೂತೆ. ‘ಚಾ ಮಾಡ್ತ್ಯಾ?’ ಎಂದು ಮೂಡಿದ ಮೇಲೆ ಅವರ ಮುಖ ಅರಳಿತು.

ಬಣ್ಣ ಯಾವುದಿರಲಿ ಎಂದರೆ ಕೆಂಪಿನ ಮೇಲೆ ಹಳದಿ, ಬಸ್ಸಿನ ಬೋರ್ಡಿನ ಹಾಗೆ ಎಂದು ಬರೆದರು. ನಮ್ಮದು ಕಪ್ಪುಬಿಳುಪಿನ ಸೆಕೆಂಡ್ ಹ್ಯಾಂಡ್ ಟಿ.ವಿ.; ಕೆಂಪು ಹಾಕಿದರೂ ಬೂದಿ, ಹಳದಿ ಹಾಕಿದರೂ ಬೂದಿ. ಹೇಳಿದೆ. ‘ಒಳಗೆ ಇರ್ಲಿ’ ಎಂದು ಬರೆದರು. ಇರಲೆಂದು ಹಾಕಿದೆ.

ಕರೆಯುವುದೊಂದು ಉಳಿದಿತ್ತು. ಅಡುಗೆಮನೆಯಲ್ಲಿರುವವಳಿಗೆ ಪರದೆ ಕಾಣುವುದಿಲ್ಲ. ಪೆಟ್ಟಿಗೆಗೆ ಸಣ್ಣಗೆ ಕುಂಯ್‌ಗುಡುವುದು ಗೊತ್ತಿತ್ತು; ಎಷ್ಟು ಹೊತ್ತು, ಎಷ್ಟು ಎತ್ತರದ ಶ್ರುತಿ ಎಂಬುದನ್ನು ಅಂಕಿಯಲ್ಲಿ ಹೇಳಿದರೆ ಹಾಗೆ ಕೂಗುತ್ತಿತ್ತು. ಅಪ್ಪಯ್ಯನಿಗೆ ಅಂಕಿ ಬದಲಿಸುವುದನ್ನು ಹೇಳಿಕೊಟ್ಟು ನಾನು ಹೊಸನಗರಕ್ಕೆ ಹೋದೆ. ಮುಂದಿನ ಶನಿವಾರ ಬಂದು ಚಪ್ಪಲಿ ಬಿಡುತ್ತಿದ್ದೇನೆ, ಒಳಗಿನಿಂದ ಎರಡು ಸ್ವರ ಬಂತು. ಮೊದಲನೆಯದು ತುಸು ಉದ್ದ, ತಗ್ಗಿನದು. ಎರಡನೆಯದು ಮೇಲಕ್ಕೆ ಎದ್ದು ಪ್ರಶ್ನೆಯ ಹಾಗೆ ನಿಲ್ಲುತ್ತದೆ. ಕೇಳ್‌... ತಾ? ಅಡುಗೆಮನೆಯಿಂದ ಅಮ್ಮ ‘ಕೇಳ್ತು’ ಅಂದಳು. ನಾನು ಬಾಗಿಲಲ್ಲೇ ಕೂತು ಅತ್ತುಬಿಟ್ಟೆ.

ಆಮೇಲೆ ಅವರೇ ಹೊಸ ಮಾತು ಸೇರಿಸುವುದು, ಬೇಡದ್ದು ತೆಗೆಯುವುದು ಕಲಿತರು. ‘ಯಾರು ಬಂದ?’, ‘ಎಂತಕ್ಕೆ ಸಿಟ್ಟು?’, ‘ಸಾಕು, ನೀ ಉಣ್ಣು’. ನಾನು ‘ನೋವಿದ್ದು’ ಎಂಬುದಕ್ಕೊಂದು, ‘ನೋವಿಲ್ಲೆ’ ಎಂಬುದಕ್ಕೊಂದು ಗುಂಡಿ ಕೊಟ್ಟಿದ್ದೆ. ‘ನೋವಿಲ್ಲೆ’ಯ ಗುಂಡಿಯ ಮೇಲಿದ್ದ ಬರಹ ಸವೆದು ಹೋಯಿತು. ಇನ್ನೊಂದು ಕೊನೆಯವರೆಗೂ ಹೊಸದರ ಹಾಗೇ ಇತ್ತು.

ಆ ಪೆಟ್ಟಿಗೆಯ ದೊಡ್ಡ ಐಬೆಂದರೆ ಮರೆವು. ಕರೆಂಟು ಹೋಯಿತೋ, ಕಲಿಸಿದ್ದೆಲ್ಲ ಮರೆತು ಕೂರುತ್ತಿತ್ತು. ಅದಕ್ಕೆ ಎಲ್ಲವನ್ನೂ ಕ್ಯಾಸೆಟ್ಟಿಗೆ ತುಂಬಿಟ್ಟುಕೊಳ್ಳಬೇಕು. ಕರೆಂಟು ಬಂದ ಮೇಲೆ ಟೇಪ್ ರೆಕಾರ್ಡರಿನಿಂದ ವೈರು ಸಿಕ್ಕಿಸಿ ಮತ್ತೆ ಪೆಟ್ಟಿಗೆಗೆ ಉಣಿಸಬೇಕು. ಸಾಗರದಲ್ಲಿ ಕರೆಂಟು ಹೋಗದ ದಿನವೇ ಇಲ್ಲ. ಉಣಿಸುವಾಗ ಪೆಟ್ಟಿಗೆ ಕೀಂ ಎಂದು ಒಂದೇ ಸಮನೆ ಊದಿ, ಆಮೇಲೆ ಕಿರ್ರೋ ಎಂದು ಅರಚುತ್ತಿತ್ತು. ಅಮ್ಮ ಮೊದಮೊದಲು ಕಿವಿ ಮುಚ್ಚಿಕೊಂಡು ಹಿತ್ತಿಲಿಗೆ ಹೋಗುತ್ತಿದ್ದಳು. ಬರಬರುತ್ತ ಅದರ ಏರಿಳಿತವೆಲ್ಲ ಅವಳಿಗೆ ಬಾಯಿಪಾಠವಾಯಿತು. ಎರಡನೆಯ ಸಲ ಕೀಂ ಅಂದಾಗ ಚಹಾಕ್ಕೆ ನೀರಿಡುವುದು, ಅರಚಾಟ ಮುಗಿಯುವ ಹೊತ್ತಿಗೆ ಸೋಸುವುದು. ಪರದೆಯ ಮೇಲೆ ‘ಚಾ ಮಾಡ್ತ್ಯಾ?’ ಎಂದು ಮೂಡುವಾಗ ಲೋಟ ಎದುರಿಗೆ ಇರುತ್ತಿತ್ತು.

ಕಾವಲು ಬೇಕಾದಷ್ಟು ಮಾಡಿದ್ದೆವು. ಕೈತಪ್ಪಿ ಒತ್ತಿದರೆ ಎಲ್ಲ ನಿಂತುಹೋಗುವ ಗುಂಡಿಯ ಮೇಲೆ ಸೋಡಾ ಬಾಟಲಿಯ ಮುಚ್ಚಳ ಕೂರಿಸಿ ಅಂಟಿಸಿದ್ದೆ. ರೆಕಾರ್ಡರಿನ ವಾಲ್ಯೂಮು ಎಲ್ಲಿರಬೇಕೋ ಅಲ್ಲಿಗೆ ಅಮ್ಮ ಕುಂಕುಮದ ಬೊಟ್ಟಿಟ್ಟಿದ್ದಳು. ಮಾತಿನ ಕ್ಯಾಸೆಟ್ಟಿನ ಕಿವಿ ಮಾತ್ರ ಮುರಿದಿರಲಿಲ್ಲ. ಅಪ್ಪಯ್ಯ ದಿನಕ್ಕೊಂದು ತಿದ್ದುಪಡಿ ಮಾಡುತ್ತಿದ್ದರು, ಮುರಿದರೆ ತಿದ್ದಿದ್ದನ್ನು ತುಂಬುವುದು ಹೇಗೆ? ನನ್ನ ಹತ್ತಿರ ಒಂದು ಪ್ರತಿ ಇತ್ತು, ಆದರೆ ಅದು ಆ ಎರಡು ಸ್ವರಕ್ಕೂ ಮೊದಲಿನದು.

ಒಂದು ಗುರುವಾರ ಅಮ್ಮ ಹೆಗ್ಗೋಡಿನ ನೆಂಟರ ಮನೆಗೆ ಪೂಜೆಗೆ ಹೋಗಿದ್ದಳು. ಅಪ್ಪಯ್ಯ ಒಬ್ಬರೇ. ಪೆಟ್ಟಿಗೆಗೆ ಮಾತು ಉಣಿಸಿಯಾಗಿತ್ತು. ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಲು ಹೋದಾಗ ರೆಕಾರ್ಡರು ಟೇಪನ್ನು ನುಂಗಿತು. ಬಿಡಿಸಲು ಹೋದರೆ ಕರುಳಿನ ಹಾಗೆ ಹೊರಬಂದು ತುಂಡಾಯಿತು. ಈಗ ಅವರ ಮಾತೆಲ್ಲ ಇದ್ದದ್ದು ಪೆಟ್ಟಿಗೆಯೊಳಗೆ ಮಾತ್ರ. ದೀಪ ಆಗಲೇ ಮಿಣುಕುತ್ತಿತ್ತು. ಕರೆಂಟು ಹೋಗುವುದರೊಳಗೆ ಬೇರೆ ಕ್ಯಾಸೆಟ್ಟಿಗೆ ತುಂಬಬೇಕು. ಪೇಟೆಗೆ ಹೋಗಿ ಖಾಲಿ ಕ್ಯಾಸೆಟ್ಟು ಕೇಳಲು ಬಾಯಿಲ್ಲ. ಮನೆಯಲ್ಲಿ ಇದ್ದವು ಎರಡೇ: ಒಂದು ಪಕ್ಕದ ಮನೆಯವರ ಭಜನೆಯದು, ಇನ್ನೊಂದು ಕಿವಿ ಮುರಿದದ್ದು.

ಶನಿವಾರ ನಾನು ಬಂದಾಗ ಮನೆಯಲ್ಲಿ ಎರಡು ಸ್ವರದ ಸದ್ದು ಬಂತು. ಉತ್ತರ ಬರಲಿಲ್ಲ. ಅಮ್ಮ ಒಲೆಯ ಮುಂದೆ ಬೆನ್ನು ಹಾಕಿ ಕೂತಿದ್ದಳು. ಕ್ಯಾಸೆಟ್ಟನ್ನು ನನ್ನ ಕೈಗೆ ಕೊಟ್ಟಳು. ಎರಡು ಕಿವಿಯಲ್ಲಿ ಒಂದರ ತೂತಿನ ಮೇಲೆ ಬಿಳಿ ಪ್ಲಾಸ್ಟರು ಅಂಟಿಸಿತ್ತು. ಅಪ್ಪಯ್ಯನ ಕುತ್ತಿಗೆಗೆ ಹಚ್ಚುವ ಅದೇ ಪ್ಲಾಸ್ಟರು. ತೂತು ಮುಚ್ಚಿದರೆ ಕೆಂಪು ಗುಂಡಿ ಮತ್ತೆ ಇಳಿಯುತ್ತದೆ. ಅವರು ಸುತ್ತಿಟ್ಟಿದ್ದ ಜಾಗದಿಂದಲೇ ಹಾಕಿ ಕೇಳಿದೆ. ತಮ್ಮ ಧ್ವನಿ ಇದ್ದಷ್ಟು ಜಾಗದಲ್ಲಿ, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ನಾನೇ ಕಲಿಸಿಕೊಟ್ಟಂತೆ, ಪೆಟ್ಟಿಗೆಯ ಮಾತನ್ನು ಒಂದರ ಹಿಂದೆ ಒಂದು ತುಂಬಿದ್ದರು. ಅಮ್ಮನ ಹಾಡು ಶುರುವಾಗುವಲ್ಲಿಗೆ ಸರಿಯಾಗಿ ನಿಲ್ಲಿಸಿದ್ದರು. ಹಾಡಿನ ಒಂದು ಅಕ್ಷರವೂ ಅಳಿಸಿರಲಿಲ್ಲ.

‘ನನ್ನ ಹಾಡು ಯಾರಿಗೆ ಬೇಕಾಗಿತ್ತು?’ ಅಮ್ಮ ನನ್ನನ್ನು ಕೇಳಿದಳು, ಅಪ್ಪಯ್ಯನಿಗೆ ಕೇಳುವ ಹಾಗೆ. ‘ಹಾಡಿನ ಮೇಲೆ ತುಂಬಕ್ಕಾಗಿತ್ತು. ಇದ್ದಿದ್ದು ಅದೊಂದು ಧ್ವನಿ. ಇವ್ರು ಬಚ್ಚಲಿಗೆ ಹೋದಾಗ ನಾನು ಹಾಕ್ಯಂಡು ಕೇಳ್ತಿದ್ದಿ. ಅದನ್ನೂ ಇಟ್ಟಿದ್ವಿಲ್ಲೆ.’ ಅವಳು ಹಾಗೆ ಕದ್ದು ಕೇಳುವುದು ನನಗೆ ಗೊತ್ತಿರಲಿಲ್ಲ. ಅಪ್ಪಯ್ಯನ ಮುಖ ನೋಡಿದರೆ ಅವರಿಗೆ ಮೊದಲೇ ಗೊತ್ತಿತ್ತು ಅನ್ನಿಸಿತು.

ಅವರು ಗುಂಡಿಗಳ ಮೇಲೆ ಬೆರಳಾಡಿಸಿದರು. ಇದಕ್ಕೆ ಸರಿಯಾದ ವಾಕ್ಯ ಅಲ್ಲಿ ಇರಲಿಲ್ಲ. ಸ್ಲೇಟು ತೆಗೆದು ಬರೆದು ನನ್ನ ಕೈಗೆ ಕೊಟ್ಟು, ಓದು ಎಂದು ಸನ್ನೆ ಮಾಡಿದರು. ಓದಿದೆ. ‘ಆ ಧ್ವನಿ ಚಾ ಕೇಳ್ತಿಲ್ಲೆ.’

ಅಮ್ಮ ಕೆಲವು ದಿನ ಉತ್ತರ ಕೊಡಲಿಲ್ಲ. ಚಹಾ ಕೊಡುತ್ತಿದ್ದಳು, ಬಟ್ಟೆ ಬದಲಿಸುತ್ತಿದ್ದಳು, ‘ಕೇಳ್ತು’ ಮಾತ್ರ ಇಲ್ಲ. ಇವರು ಎರಡು ಸ್ವರ ನುಡಿಸುತ್ತಲೇ ಇದ್ದರು. ‘ಎಂತಕ್ಕೆ ಸಿಟ್ಟು?’ ಎಂದು ಪರದೆಯ ಮೇಲೆ ಹಾಕಿಟ್ಟು ಕೂತಿರುತ್ತಿದ್ದರಂತೆ. ಕಡೆಗೊಂದು ದಿನ ಅಮ್ಮ ಸಿಟ್ಟಿನಲ್ಲೇ ‘ಕೇಳ್ತು, ಕೇಳ್ತು, ಕಿವುಡಿ ಅಲ್ಲ ನಾನು’ ಅಂದಳು. ಅಲ್ಲಿಗೆ ರಾಜಿಯಾಯಿತು. ಆ ಕ್ಯಾಸೆಟ್ಟನ್ನು ಮಾತ್ರ ಅಪ್ಪಯ್ಯ ಆಮೇಲೆ ಯಾರಿಗೂ ಮುಟ್ಟಲು ಕೊಡಲಿಲ್ಲ. ತಾವೇ ಸುತ್ತುವರು, ಮೊದಲಿನವರೆಗೆ ಸುತ್ತದೆ ತುಸು ಮುಂದೆಯೇ ನಿಲ್ಲಿಸುವರು. ವಯಸ್ಸಾದವರ ಹಟ ಎಂದುಕೊಂಡೆ.

ರೋಗ ವಾಪಸ್ಸು ಬಂತು. ಈ ಸಲ ಘಟ್ಟ ಇಳಿಯಲಿಲ್ಲ. ‘ನೋವಿಲ್ಲೆ’ ಒತ್ತುತ್ತ ಒತ್ತುತ್ತ ಒಂದು ಮಧ್ಯಾಹ್ನ ಹೋದರು. ಹೊಸನಗರಕ್ಕೆ ಸುದ್ದಿ ತಂದದ್ದು ಅವರು ದಿನಾ ಕೂಗಿ ಕಳಿಸುತ್ತಿದ್ದ ಬಸ್ಸಿನ ಡ್ರೈವರು. ನಾನು ಕ್ಲಾಸಿನಿಂದ ಹೊರಗೆ ಬರುವಾಗ ಅವನು ಬಸ್ಸನ್ನು ಶಾಲೆಯ ಗೇಟಿನಲ್ಲೇ ತಿರುಗಿಸಿ ನಿಲ್ಲಿಸಿದ್ದ. ದಾರಿಯಲ್ಲಿ ಕಂಡಕ್ಟರು ಬಟ್ಟೆಮಲ್ಲಪ್ಪದ ಸ್ಟಾಪಿನಲ್ಲೂ ಊರಿನ ಹೆಸರು ಕೂಗಲಿಲ್ಲ.

ವರ್ಷದೊಳಗೆ ಕಂಪ್ಯೂಟರಿನ ಅಡಾಪ್ಟರು ಸುಟ್ಟುಹೋಯಿತು. ಶಿವಮೊಗ್ಗದಲ್ಲೂ ಅದನ್ನು ರಿಪೇರಿ ಮಾಡುವವರು ಸಿಗಲಿಲ್ಲ. ಕೆಂಪಿನ ಮೇಲೆ ಹಳದಿ ಅಕ್ಷರ, ನಾನು ಚೌಕಳಿಯಲ್ಲಿ ಕೂರಿಸಿದ ಕನ್ನಡ, ‘ಸಾಕು, ನೀ ಉಣ್ಣು’, ಆ ಎರಡು ಸ್ವರ, ಎಲ್ಲವೂ ಕ್ಯಾಸೆಟ್ಟಿನೊಳಗೆ ಬರೀ ಅರಚಾಟವಾಗಿ ಉಳಿದವು. ಉಣ್ಣುವ ಪೆಟ್ಟಿಗೆಯೇ ಇಲ್ಲದೆ ಅದನ್ನು ಇಟ್ಟುಕೊಂಡು ಏನು ಮಾಡುವುದು ಎಂದು ನಾನು ಅದನ್ನು ಅಮ್ಮನ ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ಇಟ್ಟೆ.

ಮುಂದಿನ ಬೇಸಗೆ ರಜೆಯಲ್ಲಿ ಒಂದು ಮಧ್ಯಾಹ್ನ ನಾನು ಪೇಟೆಯಿಂದ ಬಂದಾಗ ಟೇಪ್ ರೆಕಾರ್ಡರು ಜಗುಲಿಯಲ್ಲಿತ್ತು. ಅಮ್ಮ ಅದರ ಎದುರು ಕೂತಿದ್ದಳು. ಹಾಡು ಕೇಳಲು ಹಾಕಿಕೊಂಡಿರಬೇಕು ಎಂದುಕೊಂಡೆ. ಅವಳು ಕ್ಯಾಸೆಟ್ಟನ್ನು ಪೂರ್ತಿ ಹಿಂದಕ್ಕೆ, ಮೊದಲಿನವರೆಗೆ ಸುತ್ತಿದಳು. ಅಪ್ಪಯ್ಯ ಎಂದೂ ಸುತ್ತದಷ್ಟು ಹಿಂದಕ್ಕೆ. ಗುಂಡಿ ಒತ್ತಿದಳು.

‘ಬತ್ತಾ ಇದ್ದಾ? ಕೇಳ್ತಾ?’

ಬೆವೆತುಹೋದ, ಮೆಲ್ಲಗಿನ ಅದೇ ಧ್ವನಿ. ಅಷ್ಟೇ. ಅದರ ಬೆನ್ನಿಗೇ ಅಮ್ಮ ಅಂದು ಒಳಗಿನಿಂದ ಹೇಳಿದ ‘ಕೇಳ್ತು’ ಇರಬೇಕಾಗಿತ್ತು, ನಮ್ಮ ನಗು ಇರಬೇಕಾಗಿತ್ತು. ಅಲ್ಲಿಂದಲೇ ಅಳಿಸಲು ಶುರು ಮಾಡಿದ್ದರು. ತಮ್ಮ ಧ್ವನಿಯಲ್ಲಿ ಇದೊಂದನ್ನು ಉಳಿಸಿದ್ದರು, ಉಳಿಸಿದ್ದನ್ನು ಯಾರಿಗೂ ಹೇಳಿರಲಿಲ್ಲ. ಅಮ್ಮ ಮಾತು ಬಿಟ್ಟಿದ್ದ ಆ ದಿನಗಳಲ್ಲೂ ಯಾಕೆ ಹೇಳಲಿಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ತಾವು ಇಲ್ಲದ ಮೇಲಿನ ದಿನಕ್ಕೆಂದು ಇಟ್ಟಿರಬಹುದು.

‘ಕೇಳ್ತು’ ಎಂದಳು ಅಮ್ಮ, ರೆಕಾರ್ಡರಿನ ಕಡೆಗೆ ತುಸು ಬಾಗಿ.

ಕೀಂ ಎಂದು ಶುರುವಾಯಿತು. ಆಮೇಲೆ ಕಿರ್ರೋ ಎಂಬ ಅರಚಾಟ ಜಗುಲಿಯನ್ನೆಲ್ಲ ತುಂಬಿತು. ಓಣಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ನಾನು ನಿಲ್ಲಿಸಲೆಂದು ಕೈ ಚಾಚಿದೆ. ಅಮ್ಮ ನನ್ನ ಕೈ ಹಿಡಿದುಕೊಂಡಳು.

‘ನಿಲ್ಸಡ ಕೂಸೇ,’ ಅಂದಳು. ‘ಅವ್ರ ಮಾತು ಇನ್ನೂ ಮುಗಿದ್ದಿಲ್ಲೆ.’

ಎರಡನೆಯ ಸಲ ಕೀಂ ಅಂದಾಗ ಎದ್ದು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು.